ರಾತ್ರಿ ಶಾಲೆಯ ಮೇಷ್ಟ್ರು, ಹಡಗಿನ ಕಪ್ತಾನರು: ಆರ್ಟುರೊ ಪ್ರಾಟ್

ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಯಲ್ಲಿ ಒಬ್ಬ ಮಹನೀಯರ ಜೀವನ ಚರಿತ್ರೆ ಇರಬೇಕೆಂದು ಸಂಚಿಕೆ ಸಮಿತಿಯ ಮೊದಲ ಸಭೆಯಲ್ಲೇ ತೀರ್ಮಾನವಾಗಿತ್ತು. ಯಾರದು ಎಂಬಲ್ಲಿಗೆ ಬಂದಾಗ ಮಾತು ಬೆಳೆಯಿತು. ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರದ ದೀಪ ಹಚ್ಚಿದ ಸಿದ್ದನಗೌಡ ಪಾಟೀಲರ ಹೆಸರು ಎಲ್ಲರ ಬಾಯಲ್ಲೂ ಬಂತು. ಅವರ ಭಾವಚಿತ್ರ ನಮ್ಮ ಕಚೇರಿಯ ಗೋಡೆಯ ಮೇಲಿದೆ. ಅವರ ಕಥೆಯನ್ನು ಪ್ರತಿ ವರ್ಷ ಸಹಕಾರ ಸಪ್ತಾಹದಲ್ಲಿ ಕೇಳುತ್ತಲೇ ಇದ್ದೇವೆ. ಈ ಸಲ ನಮ್ಮೂರಲ್ಲಿ ಯಾರೂ ಕೇಳಿರದ ಒಬ್ಬರ ಬದುಕನ್ನು ಹೇಳೋಣ ಎಂದು ಕೊನೆಗೆ ಒಪ್ಪಿಕೊಂಡೆವು.

ಅವರ ಹೆಸರು ಆರ್ಟುರೊ ಪ್ರಾಟ್. ದಕ್ಷಿಣ ಅಮೆರಿಕದ ಚಿಲಿ ದೇಶದವರು. ನೌಕಾದಳದ ಅಧಿಕಾರಿ. ಹಡಗಿನಲ್ಲಿ ಹುಡುಗರಿಗೆ ಪಾಠ ಹೇಳಿದ ಮೇಷ್ಟ್ರು. ದುಡಿಯುವವರ ರಾತ್ರಿ ಶಾಲೆಯಲ್ಲಿ ಸಂಬಳವಿಲ್ಲದೆ ಕಲಿಸಿದ ಸ್ವಯಂಸೇವಕರು. 1879ರಲ್ಲಿ, 31ನೆಯ ವಯಸ್ಸಿನಲ್ಲಿ, ಸಮುದ್ರದ ಮೇಲಿನ ಒಂದು ಕಾಳಗದಲ್ಲಿ ತೀರಿಕೊಂಡರು. ಚಿಲಿಯಲ್ಲಿ ಅವರ ಹೆಸರಿನ ಬೀದಿಯಿಲ್ಲದ ಊರು ಸಿಗುವುದು ಕಷ್ಟ. ಅಲ್ಲಿನ ಹತ್ತು ಸಾವಿರ ಪೆಸೊ ನೋಟಿನ ಮೇಲೆ ಅವರ ಮುಖವಿದೆ. ಅವರು ತೀರಿಕೊಂಡ ಮೇ 21 ಅಲ್ಲಿ ಸರ್ಕಾರಿ ರಜಾದಿನ.

ಎಲ್ಲಿಯ ಚಿಲಿ, ಎಲ್ಲಿಯ ನಮ್ಮೂರು ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಸ್ವಲ್ಪ ತಾಳ್ಮೆಯಿಂದ ಓದಿ. ಈ ಕಥೆ ನಮ್ಮ ಸಂಘದ ಗೊಬ್ಬರದ ಗೋದಾಮಿನ ಹತ್ತಿರವೂ ಬರುತ್ತದೆ, ಬೀಗ ಹಾಕಿರುವ ನಮ್ಮ ಮಹಡಿ ಕೋಣೆಯ ಹತ್ತಿರವೂ ಬರುತ್ತದೆ.

ಸೋತ ಮನೆಯ ಮಗ

ಪ್ರಾಟ್ ಹುಟ್ಟಿದ್ದು 1848ರ ಏಪ್ರಿಲ್ 3ರಂದು, ನಿನುವೆ ಎಂಬ ಊರಿನ ಹತ್ತಿರದ ಒಂದು ಜಮೀನಿನ ಮನೆಯಲ್ಲಿ. ತಂದೆ ಆಗುಸ್ತಿನ್ ಪ್ರಾಟ್ ಮೊದಲು ವ್ಯಾಪಾರದಲ್ಲಿ ಕೈಸುಟ್ಟುಕೊಂಡವರು. ಆಮೇಲೆ ಬೇಸಾಯಕ್ಕೆ ಬಂದರು, ಅದೂ ಕೈಹಿಡಿಯಲಿಲ್ಲ. ಮಗು ಆರ್ಟುರೊ ಹುಟ್ಟುವಾಗಲೇ ಬಲು ಕೃಶ. ಬದುಕುವುದೇ ಅನುಮಾನ ಎನ್ನುವಂತಿತ್ತು. ಆ ಕಾಲದಲ್ಲಿ ಯೂರೋಪಿನಲ್ಲಿ ಹೆಸರಾಗಿದ್ದ ತಣ್ಣೀರಿನ ಚಿಕಿತ್ಸೆಯನ್ನು ತಾಯಿ ರೊಸಾರಿಯೊ ತಾವೇ ತಿಳಿದುಕೊಂಡು ಮಾಡಿ ಮಗುವನ್ನು ಉಳಿಸಿಕೊಂಡರಂತೆ. ಮುಂದೆ ಆ ಹುಡುಗ ಗಟ್ಟಿಮುಟ್ಟಾಗಿ ಬೆಳೆದ.

ಜಮೀನಿನಲ್ಲಿ ಸೋತ ಕುಟುಂಬ ರಾಜಧಾನಿ ಸಾಂಟಿಯಾಗೊದಲ್ಲಿದ್ದ ತಾಯಿಯ ತವರಿನ ಆಸರೆಗೆ ಬಂತು. ಬರಗಾಲದಲ್ಲಿ ಹೊಲ ಬಿಟ್ಟು ನೆಂಟರ ಮನೆ ಸೇರಿದ ಸಂಸಾರಗಳನ್ನು ನಾವು ನೋಡಿಲ್ಲವೇ? ಅಂಥದ್ದೇ ಪಾಡು. ತಂದೆಯ ಆರೋಗ್ಯವೂ ಕೆಟ್ಟಿತು. ಹುಡುಗನನ್ನು ಸರ್ಕಾರಿ ಶಾಲೆಗೆ ಹಾಕಿದರು. ಅಲ್ಲಿ ಹೋಸೆ ಬರ್ನಾರ್ಡೊ ಸ್ವಾರೆಸ್ ಎಂಬ ಒಳ್ಳೆಯ ಉಪಾಧ್ಯಾಯರ ಕೈಕೆಳಗೆ ಓದು ನಡೆಯಿತು.

1858ರಲ್ಲಿ ಸರ್ಕಾರ ನೌಕಾ ಶಾಲೆಗೆ ಹುಡುಗರನ್ನು ಆರಿಸುತ್ತಿತ್ತು. ಖರ್ಚೆಲ್ಲ ಸರ್ಕಾರದ್ದು. ಬಡವರ ಮನೆಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ? ಆಗಸ್ಟ್ ತಿಂಗಳಲ್ಲಿ ಹತ್ತು ವರ್ಷದ ಆರ್ಟುರೊ ವಾಲ್‌ಪರೈಸೊ ಬಂದರಿನ ನೌಕಾ ಶಾಲೆ ಸೇರಿದ. ನಮ್ಮಲ್ಲಿ ನಾಲ್ಕೈದನೇ ತರಗತಿಯ ಮಕ್ಕಳ ವಯಸ್ಸು ಅದು. ಆ ತಂಡದಲ್ಲಿ ಕಲಿತವರಲ್ಲಿ ಕಾರ್ಲೋಸ್ ಕಾಂಡೆಲ್, ಲೂಯಿಸ್ ಉರಿಬೆ, ಹುವಾನ್ ಲಟೊರೆ ಮುಂತಾದ ಹಲವರು ಮುಂದೆ ಹೆಸರು ಮಾಡಿದರು. ಅದಕ್ಕೇ ಆ ತಂಡವನ್ನು ಇಂದಿಗೂ ವೀರರ ತರಗತಿ ಎಂದು ಕರೆಯುತ್ತಾರೆ. ಆ ತರಗತಿಯಲ್ಲಿ ಮೊದಲನೆಯವನಾಗಿ ಹೊರಬಂದವನು ಪ್ರಾಟ್.

ಕಲಿತು ಬಂದ ಹುಡುಗ ಹತ್ತಿದ ಹಡಗಿನ ಹೆಸರು ಎಸ್ಮೆರಾಲ್ಡ. 1855ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಮರದ ಹಡಗು. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಆಗಿನ ಗೆಳೆಯರು, ಮುಂದಿನ ಶತ್ರುಗಳು

1865ರಲ್ಲಿ ಸ್ಪೇನ್ ದೇಶದ ನೌಕಾದಳ ಚಿಲಿಯ ಮೇಲೆ ಬಂತು. ಆ ವರ್ಷದ ನವೆಂಬರ್ 26ರಂದು ಎಸ್ಮೆರಾಲ್ಡ ಹಡಗು ಕೊವಡೊಂಗ ಎಂಬ ಸ್ಪೇನಿನ ಹಡಗನ್ನು ಹಿಡಿಯಿತು. ಆಗ ಪ್ರಾಟ್‌ಗೆ 17 ವರ್ಷ. 1866ರ ಫೆಬ್ರವರಿಯಲ್ಲಿ ಅಬ್ಟಾವೊ ಎಂಬಲ್ಲಿ ನಡೆದ ಕಾಳಗದಲ್ಲೂ ಅವರಿದ್ದರು. ಅಲ್ಲಿ ಚಿಲಿಯ ಜೊತೆ ಪಕ್ಕದ ಪೆರು ದೇಶದ ಹಡಗುಗಳೂ ನಿಂತು ಸ್ಪೇನನ್ನು ಎದುರಿಸಿದವು. ಪೆರುವಿನ ಯೂನಿಯನ್ ಎಂಬ ಹಡಗಿಗೆ ಕಪ್ತಾನರಾಗಿದ್ದವರು ಮಿಗೆಲ್ ಗ್ರಾವ್. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ. ಅಂದು ಒಂದೇ ಕಡೆ ನಿಂತು ಕಾದಿದ ಪ್ರಾಟ್ ಮತ್ತು ಗ್ರಾವ್ ಹದಿಮೂರು ವರ್ಷಗಳ ನಂತರ ಎದುರಾಳಿಗಳಾಗಿ ನಿಲ್ಲಬೇಕಾಯಿತು. ದೇಶಗಳ ಸ್ನೇಹ ಅಷ್ಟೇ ನೋಡಿ, ಬೇಲಿಯ ಮೇಲಿನ ಬಳ್ಳಿ ಇದ್ದ ಹಾಗೆ.

ಪ್ರಾಟ್ ಅವರ ಸಂಬಳದಲ್ಲಿ ಒಂದು ಪಾಲು ತಾಯಿಯ ಮನೆಗೆ ಹೋಗುತ್ತಿತ್ತು. ಸಂಸಾರದ ಭಾರ ಹೊತ್ತ ಹಿರಿಯ ಮಗನಂತೆ ಅವರು ನಡೆದುಕೊಂಡರು. 1873ರ ಮೇ 5ರಂದು ಕಾರ್ಮೆಲಾ ಕಾರ್ವಹಾಲ್ ಎಂಬುವರನ್ನು ಮದುವೆಯಾದರು. ಮೊದಲ ಹೆಣ್ಣು ಮಗು ಹಸುಗೂಸಾಗಿದ್ದಾಗಲೇ ತೀರಿಹೋಯಿತು. ಆಮೇಲೆ ಬ್ಲಾಂಕ ಎಂಬ ಮಗಳು, ಆರ್ಟುರೊ ಎಂಬ ಮಗ ಹುಟ್ಟಿದರು. ಸಮುದ್ರದ ಮೇಲಿರುವಾಗ ಹೆಂಡತಿಗೆ ಅವರು ಬರೆದ ಕಾಗದಗಳು ಉಳಿದುಬಂದಿವೆ. ಕೈಹಿಡಿದವಳನ್ನು ಗೌರವದಿಂದ ಕಂಡ ಸಂಸಾರವಂದಿಗ ಅವುಗಳಲ್ಲಿ ಕಾಣುತ್ತಾನೆ.

ಹಡಗೇ ಶಾಲೆ

ಈಗ ಮೇಷ್ಟ್ರ ವಿಷಯಕ್ಕೆ ಬರೋಣ. 1870ರ ದಶಕದಲ್ಲಿ ಚಿಲಿಯ ನೌಕಾ ಶಾಲೆ ಎಸ್ಮೆರಾಲ್ಡ ಹಡಗಿನ ಮೇಲೆಯೇ ನಡೆಯುತ್ತಿತ್ತು. ಪ್ರಾಟ್ ಅದರ ಉಪ ನಿರ್ದೇಶಕರಾದರು. ತಾವು ಹುಡುಗನಾಗಿ ಹತ್ತಿದ ಹಡಗಿನ ಅದೇ ಹಲಗೆಗಳ ಮೇಲೆ ನಿಂತು ಇನ್ನೊಂದು ತಲೆಮಾರಿನ ಹುಡುಗರಿಗೆ ಪಾಠ ಹೇಳಿದರು.

1875ರ ಮೇ 24ರಂದು ವಾಲ್‌ಪರೈಸೊದಲ್ಲಿ ಭಾರೀ ಬಿರುಗಾಳಿ ಎದ್ದಿತು. ಹಡಗುಗಳು ಲಂಗರು ಕಿತ್ತುಕೊಂಡು ಒಂದಕ್ಕೊಂದು ಹೊಡೆಯತೊಡಗಿದವು. ಎಸ್ಮೆರಾಲ್ಡದ ಮೇಲೆ ವಿದ್ಯಾರ್ಥಿಗಳಿದ್ದರು. ಪ್ರಾಟ್ ಅಂದು ಮೈ ಸರಿಯಿಲ್ಲದೆ ದಡದಲ್ಲಿದ್ದರು. ರಜೆಯಲ್ಲಿದ್ದವರು ಮನೆಯಲ್ಲೇ ಉಳಿದಿದ್ದರೆ ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಆದರೆ ಅವರು ಆ ಅಲೆಗಳ ನಡುವೆ ಹೊರಟು ಹೇಗೋ ಹಡಗು ತಲುಪಿ ಮೇಲೆ ಹತ್ತಿದರು. ಅಲ್ಲಿದ್ದವರ ಜೊತೆ ಸೇರಿ ದುಡಿದರು. ಹಡಗಿಗೆ ಪೆಟ್ಟಾಯಿತು, ಆದರೆ ಮುಳುಗಲಿಲ್ಲ. ರಿಪೇರಿಯಾಗಿ ಮತ್ತೆ ನೀರಿಗಿಳಿಯಿತು.

ಕತ್ತಿ ಕಟ್ಟಿಕೊಂಡ ವಕೀಲ

ಕೆಲಸದ ನಡುವೆಯೇ ಪ್ರಾಟ್ ಖಾಸಗಿಯಾಗಿ ಕಾನೂನು ಓದಲು ಹಿಡಿದರು. ಹಡಗಿನ ಕೋಣೆಯಲ್ಲಿ, ಕಾವಲು ಮುಗಿದ ಮೇಲೆ, ಸಿಕ್ಕ ಹೊತ್ತಿನಲ್ಲಿ ಓದಬೇಕು. ಹೀಗೆ ವರ್ಷಗಟ್ಟಲೆ ಓದಿ 1876ರ ಜುಲೈನಲ್ಲಿ ವಕೀಲರಾದರು.

ಓದುವಾಗಲೇ ಅವರು ತಮ್ಮ ವಿದ್ಯೆಯನ್ನು ಬೇರೆಯವರಿಗಾಗಿ ಬಳಸಿದ್ದರು. ಹಳೆಯ ಸಹಪಾಠಿ ಉರಿಬೆ ಮೇಲಧಿಕಾರಿಯ ಜೊತೆ ವಿರಸವಾಗಿ ಸೇನಾ ನ್ಯಾಯಾಲಯದ ಮುಂದೆ ನಿಲ್ಲಬೇಕಾದಾಗ ಪ್ರಾಟ್ ಅವರೇ ವಾದಿಸಿದರು. ರಿಕಾರ್ಡೊ ಓವೆನ್ ಎಂಬ ಹಡಗಿನ ಎಂಜಿನಿಯರರ ಪರವಾಗಿಯೂ ನಿಂತರು. ಮೇಲಿನವರ ಮುಖ ನೋಡಿ ಸುಮ್ಮನಾಗುವುದು ಯಾವ ಕಾಲದಲ್ಲೂ ಸುಲಭದ ದಾರಿ. ಸೇವೆಯಲ್ಲಿದ್ದುಕೊಂಡೇ ಆರೋಪಿಯ ಪರ ಮಾತಾಡುವುದಕ್ಕೆ ಗುಂಡಿಗೆ ಬೇಕು.

ವಕೀಲಿಕೆಗೆ ಅವರು ಬರೆದ ಪ್ರಬಂಧದ ವಿಷಯ ಯಾವುದು ಗೊತ್ತೇ? ಯುದ್ಧವಲ್ಲ, ಹಡಗಲ್ಲ. ಚುನಾವಣೆಯ ಕಾನೂನು. ಚಿಲಿಯಲ್ಲಿ 1874ರಲ್ಲಿ ಹೊಸ ಚುನಾವಣಾ ಕಾನೂನು ಬಂದಿತ್ತು. ಅದರಲ್ಲಿನ ಲೋಪದೋಷಗಳನ್ನು ಪ್ರಾಟ್ ಪರಿಶೀಲಿಸಿದರು. ಆ ಕಾನೂನಿನಲ್ಲಿ ಒಂದು ಮುಖ್ಯ ಮಾತಿತ್ತು. ಅಲ್ಲಿಯವರೆಗೆ ಇಂತಿಷ್ಟು ಆದಾಯವಿದೆ ಎಂದು ತೋರಿಸಿದ ಗಂಡಸರಿಗೆ ಮಾತ್ರ ಓಟು. ಹೊಸ ಕಾನೂನಿನಲ್ಲಿ ಓದು ಬರಹ ಬಲ್ಲವನಿಗೆ ಅಷ್ಟು ಆದಾಯ ಇದ್ದೇ ಇದೆ ಎಂದು ಭಾವಿಸಬೇಕೆಂದಾಯಿತು. ಹೆಂಗಸರಿಗೆ ಆಗಲೂ ಓಟಿರಲಿಲ್ಲ, ಆ ಮಾತು ಬೇರೆ. ಆದರೆ ಒಬ್ಬ ಬಡ ಕೂಲಿಗಾರ ಅಕ್ಷರ ಕಲಿತರೆ ಅವನಿಗೂ ಓಟಿನ ಬಾಗಿಲು ತೆರೆಯಿತು. ಅಕ್ಷರ ಬಾರದವನಿಗೆ ಆ ಬಾಗಿಲು ಮುಚ್ಚಿಯೇ ಇತ್ತು.

ನಮ್ಮ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದು ಓಟು. ಷೇರು ಒಂದಿದ್ದರೂ ಅಷ್ಟೇ, ನೂರಿದ್ದರೂ ಅಷ್ಟೇ. ಹುಟ್ಟಿನಿಂದ ಇದನ್ನೇ ನೋಡಿದ ನಮಗೆ ಅದರ ಬೆಲೆ ತಿಳಿಯುವುದಿಲ್ಲ. ಓಟಿಗಾಗಿ ಅಕ್ಷರ ಕಲಿಯಬೇಕಾಗಿದ್ದ ಕಾಲವನ್ನು ನೆನೆದಾಗ ತಿಳಿಯುತ್ತದೆ.

ರಾತ್ರಿ ಶಾಲೆ

ಇದೇ ಹೊತ್ತಿನಲ್ಲಿ ವಾಲ್‌ಪರೈಸೊ ಬಂದರಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೆಸರಿನ ಒಂದು ರಾತ್ರಿ ಶಾಲೆ ಇತ್ತು. ಹಗಲೆಲ್ಲ ದುಡಿದು ದಣಿದ ಬಡವರು ಸಂಜೆ ಅಲ್ಲಿಗೆ ಬರುತ್ತಿದ್ದರು. ಪ್ರಾಟ್ ಆ ಶಾಲೆಯಲ್ಲಿ ಪಾಠ ಹೇಳತೊಡಗಿದರು. ಒಂದು ಕಾಸೂ ತೆಗೆದುಕೊಳ್ಳಲಿಲ್ಲ.

ಆಗ ಅವರ ದಿನಚರಿ ಹೇಗಿತ್ತೆಂದು ಯೋಚಿಸಿ. ಹಗಲು ಬಂದರಿನ ಆಡಳಿತ ಕಚೇರಿಯ ಕೆಲಸ. ಅದರ ಮೇಲೆ ವಕೀಲಿಕೆ. ನೌಕಾಯಾನದ ಕಾನೂನನ್ನು ತಿದ್ದುವ ಕೆಲಸದಲ್ಲೂ ಅವರ ಕೈಯಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳು. ಇಷ್ಟಿದ್ದವರು ಸಂಜೆ ಕಾಲು ಚಾಚಿ ಕೂತಿದ್ದರೆ ತಪ್ಪೇನೂ ಇರಲಿಲ್ಲ. ಆದರೂ ಅವರು ಸೀಮೆಸುಣ್ಣ ಹಿಡಿದರು. ಹಗಲು ಸಮವಸ್ತ್ರ ತೊಟ್ಟು ಸಲಾಮು ಹೊಡೆಸಿಕೊಳ್ಳುತ್ತಿದ್ದವರು ರಾತ್ರಿ ಕೂಲಿಯವರ ಎದುರು ಮೇಷ್ಟ್ರಾಗಿ ನಿಂತರು.

ಇದಕ್ಕೆ ಪದಕವಿಲ್ಲ, ಬಡ್ತಿಯಿಲ್ಲ. ಮುಂದೊಂದು ದಿನ ನೋಟಿನ ಮೇಲೆ ತಮ್ಮ ಮುಖ ಬರುತ್ತದೆ ಎಂದು ಅವರಿಗೇನು ಕನಸು ಬಿದ್ದಿತ್ತೇ? ನಮ್ಮ ಸಮಿತಿಯವರಿಗೆ ಈ ಬದುಕಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಗವೇ. ಮುಂದಿನ ನಾಲ್ಕು ಗಂಟೆಗಳ ಕಾಳಗದಿಂದ ಅವರು ಜಗತ್ತಿಗೆ ಗೊತ್ತಾದರು. ಆದರೆ ಆ ಕಾಳಗದಲ್ಲಿ ನಿಂತ ಮನುಷ್ಯ ತಯಾರಾದದ್ದು ಇಂಥ ಸಂಜೆಗಳಲ್ಲಿ ಎಂದು ನಮಗೆ ತೋರುತ್ತದೆ.

ಗೊಬ್ಬರಕ್ಕಾಗಿ ಯುದ್ಧ

ಇನ್ನು ಗೋದಾಮಿನ ವಿಷಯ. ನಾವು ಸಂಘದಿಂದ ಯೂರಿಯಾ ಚೀಲ ಹೊತ್ತು ತರುತ್ತೇವೆ. ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕ. ಯೂರಿಯಾ ಕಾರ್ಖಾನೆಗಳಿಲ್ಲದ ಕಾಲದಲ್ಲಿ ಯೂರೋಪಿನ ರೈತರಿಗೆ ಸಾರಜನಕ ಎಲ್ಲಿಂದ ಬರುತ್ತಿತ್ತು? ದಕ್ಷಿಣ ಅಮೆರಿಕದ ಅಟಕಾಮ ಮರುಭೂಮಿಯ ನೆಲದಿಂದ. ಮಳೆಯೇ ಬೀಳದ ಆ ನೆಲದಲ್ಲಿ ಸೋಡಿಯಂ ನೈಟ್ರೇಟ್ ಎಂಬ ಉಪ್ಪು ಪದರ ಪದರವಾಗಿ ಸಿಗುತ್ತದೆ. ಅದರಲ್ಲಿ ಸಾರಜನಕ ಸುಮಾರು 16 ಭಾಗ. ಅದೇ ಉಪ್ಪು ಸಿಡಿಮದ್ದಿಗೂ ಬೇಕು. ಹಾಗಾಗಿ ಅದಕ್ಕೆ ಎಲ್ಲಿಲ್ಲದ ಬೆಲೆ.

ಆಗ ಆ ಮರುಭೂಮಿ ಬೊಲಿವಿಯ ಮತ್ತು ಪೆರು ದೇಶಗಳ ಕೈಯಲ್ಲಿತ್ತು. ಬೊಲಿವಿಯದ ಆಂಟೊಫಗಾಸ್ಟದಲ್ಲಿ ಅದನ್ನು ಅಗೆದು ಮಾರುತ್ತಿದ್ದ ಕಂಪನಿ ಚಿಲಿಯವರದು. 1878ರಲ್ಲಿ ಬೊಲಿವಿಯ ಸರ್ಕಾರ ಪ್ರತಿ ಕ್ವಿಂಟಾಲಿಗೆ 10 ಸೆಂಟಿನಂತೆ ಹೊಸ ತೆರಿಗೆ ಹಾಕಿತು. ತೆರಿಗೆ ಏರಿಸುವುದಿಲ್ಲವೆಂದು ಮೊದಲೇ ಒಪ್ಪಂದವಾಗಿದೆ ಎಂದು ಚಿಲಿ ಹೇಳಿತು. ಜಗಳ ಬೆಳೆಯಿತು. 1879ರ ಫೆಬ್ರವರಿ 14ರಂದು ಚಿಲಿಯ ಸೈನ್ಯ ಆಂಟೊಫಗಾಸ್ಟವನ್ನು ಹಿಡಿಯಿತು. ಬೊಲಿವಿಯದ ಜೊತೆ ಪೆರು ದೇಶಕ್ಕೆ ಗುಟ್ಟಿನ ಒಪ್ಪಂದವಿತ್ತು. ಏಪ್ರಿಲ್ 5ರಂದು ಚಿಲಿ ಎರಡೂ ದೇಶಗಳ ಮೇಲೆ ಯುದ್ಧ ಸಾರಿತು. ಹತ್ತು ಸೆಂಟಿನ ತೆರಿಗೆಯಿಂದ ಹೊತ್ತಿದ ಕಿಡಿ ಮೂರು ದೇಶಗಳನ್ನು ಸುಟ್ಟಿತು.

ಯುದ್ಧದ ಆರಂಭದಲ್ಲಿ ಪ್ರಾಟ್‌ಗೆ ಹಡಗು ಕೊಡಲಿಲ್ಲ. ಅವರನ್ನು ಓದು ಬರಹದ ಅಧಿಕಾರಿ ಎಂದು ಕಚೇರಿ ಕೆಲಸಕ್ಕೆ ಇಟ್ಟುಕೊಂಡರು. ಮೇ ತಿಂಗಳಲ್ಲಿ ಕೊನೆಗೂ ಅವಕಾಶ ಬಂತು. ಮೊದಲು ಕೊವಡೊಂಗ, ಆಮೇಲೆ ಎಸ್ಮೆರಾಲ್ಡ. ಹುಡುಗನಾಗಿ ಹತ್ತಿದ್ದ, ಮೇಷ್ಟ್ರಾಗಿ ಪಾಠ ಹೇಳಿದ್ದ ಅದೇ ಹಡಗಿಗೆ ಈಗ ಅವರು ಕಪ್ತಾನರು.

ಆದರೆ ಹಡಗಿಗೆ ವಯಸ್ಸಾಗಿತ್ತು. ಚಿಲಿಯ ದಂಡನಾಯಕರು ಒಳ್ಳೆಯ ಹಡಗುಗಳನ್ನೆಲ್ಲ ಕೂಡಿಸಿಕೊಂಡು ಪೆರುವಿನ ನೌಕಾದಳವನ್ನು ಹುಡುಕಿ ಉತ್ತರಕ್ಕೆ ಹೋದರು. ಇಕಿಕೆ ಬಂದರಿಗೆ ಮುತ್ತಿಗೆ ಹಾಕಿ ಕಾಯುವುದಕ್ಕೆ ಹಳೆಯ ಹಡಗುಗಳಾದ ಎಸ್ಮೆರಾಲ್ಡ, ಕೊವಡೊಂಗಗಳನ್ನು ಬಿಟ್ಟರು. ಇಕಿಕೆ ಆಗ ಪೆರುವಿನ ಊರು. ಇತ್ತ ಪೆರುವಿನ ಹಡಗುಗಳು ಅವರ ಕಣ್ಣಿಗೆ ಬೀಳದೆ ದಕ್ಷಿಣಕ್ಕೆ ಬಂದುಬಿಟ್ಟವು.

ಮೇ 21, 1879

ಅಂದು ಬೆಳಗ್ಗೆ ಇಕಿಕೆಯ ಎದುರು ಎರಡು ಹೊಗೆ ಕಂಡವು. ಪೆರುವಿನ ಹುವಾಸ್ಕರ್ ಮತ್ತು ಇಂಡಿಪೆಂಡೆನ್ಸಿಯ. ಎರಡೂ ಕಬ್ಬಿಣದ ಕವಚದ ಹಡಗುಗಳು. ಹುವಾಸ್ಕರ್‌ನ ಕಪ್ತಾನರು ಬೇರಾರೂ ಅಲ್ಲ, ಮಿಗೆಲ್ ಗ್ರಾವ್. ಅದರ ಮೇಲೆ ಮುನ್ನೂರು ಪೌಂಡಿನ ಗುಂಡು ಎಸೆಯುವ ಎರಡು ದೊಡ್ಡ ಫಿರಂಗಿಗಳು. ಎಸ್ಮೆರಾಲ್ಡದ ಫಿರಂಗಿಗಳು ನಲವತ್ತು ಪೌಂಡಿನವು. ಅವುಗಳ ಗುಂಡು ಆ ಕಬ್ಬಿಣಕ್ಕೆ ಬಡಿದು ಕೆಳಗೆ ಬೀಳುತ್ತಿತ್ತು. ಸಾಲದ್ದಕ್ಕೆ ಹೊರಟ ಕೂಡಲೇ ಎಸ್ಮೆರಾಲ್ಡದ ಬಾಯ್ಲರು ಒಡೆಯಿತು. ಹಡಗು ತೆವಳುವ ಸ್ಥಿತಿಗೆ ಬಂತು.

ಆ ಹೊತ್ತಿನಲ್ಲಿ ಪ್ರಾಟ್ ಮಾಡಿದ ಕೆಲಸಗಳಲ್ಲಿ ಒಂದು ನಮ್ಮ ಮನಸ್ಸಿನಲ್ಲಿ ಉಳಿದಿದೆ. ಜನರು ಊಟ ಮಾಡಲಿ ಎಂದು ಅವರು ಜೊತೆಯ ಹಡಗಿಗೆ ಸಂಕೇತ ಕೊಟ್ಟರು. ಸಾವು ಎದುರಿಗೆ ನಿಂತಿರುವಾಗಲೂ ಆಳುಗಳ ಹೊಟ್ಟೆಯ ಚಿಂತೆ. ಆಮೇಲೆ ಎಲ್ಲರನ್ನೂ ಸೇರಿಸಿ ನಾಲ್ಕು ಮಾತಾಡಿದರು. ಈ ಹೋರಾಟ ಸಮಬಲದ್ದಲ್ಲ ಎಂದು ಮುಚ್ಚಿಡದೆ ಹೇಳಿದರು. ತಮ್ಮ ಬಾವುಟ ಇದುವರೆಗೆ ಶತ್ರುವಿನ ಎದುರು ಇಳಿದಿಲ್ಲ, ತಾವು ಬದುಕಿರುವ ತನಕ ಇಳಿಯುವುದೂ ಇಲ್ಲ, ತಾವು ಸತ್ತರೆ ತಮ್ಮ ಅಧಿಕಾರಿಗಳು ಕರ್ತವ್ಯ ಮಾಡುತ್ತಾರೆ ಎಂದರು.

ಸುಮಾರು ಎಂಟು ಗಂಟೆಗೆ ಕಾಳಗ ಶುರುವಾಯಿತು. ಪ್ರಾಟ್ ತಮ್ಮ ಹಡಗನ್ನು ಊರಿಗೆ ಹತ್ತಿರವಾಗಿ ನಿಲ್ಲಿಸಿದರು. ಗ್ರಾವ್ ಹಾರಿಸಿದ ಗುಂಡು ತಪ್ಪಿದರೆ ಅದು ಪೆರುವಿನ ಊರಿಗೇ ಬೀಳಬೇಕು. ಗ್ರಾವ್ ಕೈ ಕಟ್ಟಿದಂತಾಯಿತು. ಆದರೆ ದಡದಿಂದ ಪೆರುವಿನ ಸೈನಿಕರು ಫಿರಂಗಿ ತಂದು ಹೊಡೆಯಲು ಶುರುಮಾಡಿದ್ದರಿಂದ ಎಸ್ಮೆರಾಲ್ಡ ಅಲ್ಲಿಂದ ಸರಿಯಬೇಕಾಯಿತು. ಆಗ ಹುವಾಸ್ಕರ್ ತನ್ನ ಕಬ್ಬಿಣದ ಮೂತಿಯಿಂದ ಗುದ್ದಲು ನುಗ್ಗಿ ಬಂತು.

ಮೊದಲ ಗುದ್ದಿಗೆ ಎರಡು ಹಡಗುಗಳು ತಾಗಿದ ಕ್ಷಣದಲ್ಲಿ ಪ್ರಾಟ್ ಕತ್ತಿ ಹಿಡಿದು ಹುವಾಸ್ಕರ್ ಮೇಲೆ ನೆಗೆದರು. ಆ ಗದ್ದಲದಲ್ಲಿ ಅವರ ಕೂಗು ಕೆಲವರಿಗಷ್ಟೇ ಕೇಳಿಸಿತು. ಸಾರ್ಜೆಂಟ್ ಹುವಾನ್ ಡಿ ಡಿಯೋಸ್ ಆಲ್ಡೆಯ ಅವರ ಹಿಂದೆ ಹೋದರು. ಅಷ್ಟರಲ್ಲಿ ಹಡಗುಗಳು ದೂರ ಸರಿದವು. ಶತ್ರುವಿನ ಹಡಗಿನ ಮೇಲೆ ಪ್ರಾಟ್ ಗುಂಡೇಟಿಗೆ ಬಿದ್ದು ಪ್ರಾಣ ಬಿಟ್ಟರು.

ಅವರು ಹೇಳಿದ್ದಂತೆಯೇ ಉಳಿದವರು ನಡೆದುಕೊಂಡರು. ಎರಡನೆಯ ಗುದ್ದಿಗೆ ಲೆಫ್ಟಿನೆಂಟ್ ಇಗ್ನಾಸಿಯೊ ಸೆರ್ರಾನೊ ಹತ್ತಾರು ಜನರೊಡನೆ ನೆಗೆದು ಬಿದ್ದರು. ಪ್ರಾಟ್ ಒಮ್ಮೆ ನ್ಯಾಯಾಲಯದಲ್ಲಿ ಕಾಪಾಡಿದ್ದ ಗೆಳೆಯ ಉರಿಬೆ ಈಗ ಹಡಗನ್ನು ನಡೆಸಿದರು, ಬಾವುಟ ಇಳಿಸಲಿಲ್ಲ. ಮೂರನೆಯ ಗುದ್ದಿಗೆ, ಮಧ್ಯಾಹ್ನ ಹನ್ನೆರಡು ದಾಟಿದಾಗ, ಎಸ್ಮೆರಾಲ್ಡ ಬಾವುಟದ ಸಮೇತ ಮುಳುಗಿತು. ಸುಮಾರು 200 ಜನರಲ್ಲಿ ಉಳಿದವರು ಸುಮಾರು 60. ಅವರಲ್ಲಿ ಉರಿಬೆಯೂ ಒಬ್ಬರು.

ಅತ್ತ ಕೊವಡೊಂಗವನ್ನು ಕಾಂಡೆಲ್ ದಡದ ಬಂಡೆಗಳ ಸಂದಿಯಲ್ಲಿ ನಡೆಸಿದರು. ಬೆನ್ನಟ್ಟಿದ ಭಾರಿ ಹಡಗು ಇಂಡಿಪೆಂಡೆನ್ಸಿಯ ಬಂಡೆಗೆ ಹತ್ತಿ ಹಾಳಾಯಿತು. ಒಂದೇ ದಿನ ಚಿಲಿ ಒಂದು ಹಳೆಯ ಮರದ ಹಡಗನ್ನು ಕಳೆದುಕೊಂಡಿತು, ಪೆರು ತನ್ನ ದೊಡ್ಡ ಕವಚದ ಹಡಗನ್ನು ಕಳೆದುಕೊಂಡಿತು.

ಶತ್ರುವಿನ ಕಾಗದ

ನೀರಿನಲ್ಲಿ ಒದ್ದಾಡುತ್ತಿದ್ದ ಚಿಲಿಯವರನ್ನು ಗ್ರಾವ್ ದೋಣಿ ಇಳಿಸಿ ಮೇಲೆತ್ತಿಸಿದರು. ಅವರ ಹಡಗಿನ ಮೇಲೆ ಬಿದ್ದಿದ್ದ ಪ್ರಾಟ್ ಅವರ ಮೈಮೇಲಿನ ವಸ್ತುಗಳನ್ನೆಲ್ಲ ಜೋಪಾನ ಮಾಡಿಸಿದರು. ಜೂನ್ 2ರಂದು ಆ ವಸ್ತುಗಳ ಜೊತೆ ವಿಧವೆ ಕಾರ್ಮೆಲಾ ಅವರಿಗೆ ಸಮಾಧಾನದ ಕಾಗದ ಬರೆದು ಕಳಿಸಿದರು. ಕತ್ತಿ, ಉಂಗುರ, ಅಂಗಿಯ ಗುಂಡಿಗಳು, ಭಾವಚಿತ್ರಗಳು ಅದರಲ್ಲಿದ್ದವು. ಅವರ ಗಂಡನ ಧೈರ್ಯವನ್ನು ಮನಸಾರೆ ಹೊಗಳಿ ಬರೆದಿದ್ದರು. ಕಾರ್ಮೆಲಾ ಕೂಡ ಆಗಸ್ಟ್‌ನಲ್ಲಿ ಕೃತಜ್ಞತೆಯ ಉತ್ತರ ಬರೆದರು. ಗಂಡನನ್ನು ಕೊಂದ ಹಡಗಿನ ಕಪ್ತಾನರಿಗೆ ಬರೆದ ಕಾಗದದಲ್ಲಿ ಒಂದು ಕಹಿ ಮಾತಿಲ್ಲ. ಹಗೆ ಯಾರ ಮೇಲೆ, ದುಃಖ ಯಾರಿಗೆ ಎಂಬ ವಿವೇಕ ಆ ತಾಯಿಗೆ ಇತ್ತು.

ಅದೇ ವರ್ಷ ಅಕ್ಟೋಬರ್ 8ರಂದು ಆಂಗಮೋಸ್ ಎಂಬಲ್ಲಿ ಚಿಲಿಯ ಹಡಗುಗಳು ಹುವಾಸ್ಕರನ್ನು ಸುತ್ತುವರಿದವು. ಗ್ರಾವ್ ತಮ್ಮ ಹಡಗಿನ ಮೇಲೆಯೇ ಸತ್ತರು. 45 ವರ್ಷ. ಪೆರುವಿನವರಿಗೆ ಅವರು ಇಂದಿಗೂ ಸಮುದ್ರದ ಮಹಾ ಸಜ್ಜನ.

ಇಕಿಕೆಯಲ್ಲಿ ಪ್ರಾಟ್ ಮತ್ತು ಸೆರ್ರಾನೊ ಅವರ ದೇಹಗಳಿಗೆ ಮಣ್ಣು ಕೊಟ್ಟವರು ಅಲ್ಲಿ ನೆಲೆಸಿದ್ದ ಎದ್ವಾರ್ಡೊ ಯಾನೋಸ್ ಎಂಬ ಸ್ಪೇನಿನವರು ಮತ್ತು ಅವರ ಜೊತೆಯವರು. ಸ್ಪೇನ್ ವಿರುದ್ಧ ಕಾದಿದ್ದವರ ಹೆಣಕ್ಕೆ ಸ್ಪೇನಿನವರೇ ಹೆಗಲು ಕೊಟ್ಟರು. 1888ರಲ್ಲಿ ಅವಶೇಷಗಳನ್ನು ವಾಲ್‌ಪರೈಸೊಗೆ ತಂದು ಸ್ಮಾರಕದ ಕೆಳಗೆ ಇರಿಸಲಾಯಿತು. ಚಿಲಿಯವರ ಕೈಗೆ ಸಿಕ್ಕ ಹುವಾಸ್ಕರ್ ಹಡಗು ಈಗ ತಾಲ್ಕವಾನೊ ಬಂದರಿನಲ್ಲಿ ವಸ್ತು ಸಂಗ್ರಹಾಲಯವಾಗಿದೆ. ಅದರ ಮೇಲೆ ಪ್ರಾಟ್ ಅವರಿಗೂ ಗೌರವ, ಗ್ರಾವ್ ಅವರಿಗೂ ಗೌರವ.

ಉಳಿದದ್ದು ಯಾವುದು?

ಯುದ್ಧವನ್ನು ಹೊಗಳುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ಆ ಯುದ್ಧ ಚಿಲಿ ಗೆದ್ದಿತು. ಪೆರು ತನ್ನ ದಕ್ಷಿಣದ ನೆಲ ಕಳೆದುಕೊಂಡಿತು. ಬೊಲಿವಿಯಕ್ಕೆ ಸಮುದ್ರವೇ ಇಲ್ಲದಂತಾಯಿತು. ಅದು ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು. ಮಾತುಕತೆಗೆ ಕೂರಲೇಬೇಕೆಂಬ ಕಟ್ಟುಪಾಡು ಚಿಲಿಗೆ ಇಲ್ಲ ಎಂದು 2018ರಲ್ಲಿ ತೀರ್ಪು ಬಂತು. ಆ ನೋವು ಇನ್ನೂ ಆರಿಲ್ಲ.

ಇಷ್ಟೆಲ್ಲ ಯಾವ ಉಪ್ಪಿಗಾಗಿ ನಡೆಯಿತೋ ಆ ಉಪ್ಪಿನ ಗತಿ ಏನಾಯಿತು? ಜರ್ಮನಿಯಲ್ಲಿ ಹೇಬರ್ ಎಂಬ ವಿಜ್ಞಾನಿ ಗಾಳಿಯಲ್ಲಿರುವ ಸಾರಜನಕವನ್ನೇ ಹಿಡಿಯುವ ದಾರಿ ಕಂಡುಹಿಡಿದರು. 1913ರಲ್ಲಿ ಅದರ ಕಾರ್ಖಾನೆ ಶುರುವಾಯಿತು. ಮುಂದೆ ಚಿಲಿಯ ನೈಟ್ರೇಟಿನ ಬೆಲೆ ಬಿತ್ತು, ಗಣಿಯ ಊರುಗಳು ಪಾಳುಬಿದ್ದವು. ಇಕಿಕೆಯ ಹತ್ತಿರದ ಹಂಬರ್‌ಸ್ಟನ್ ಮತ್ತು ಸಾಂಟ ಲಾರ ಎಂಬ ಅಂಥ ಎರಡು ಹಾಳೂರುಗಳನ್ನು 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಇಂದು ನಮ್ಮ ಗೋದಾಮಿನಲ್ಲಿರುವ ಯೂರಿಯಾ ಆ ಗಾಳಿಯ ವಿದ್ಯೆಯಿಂದಲೇ ಬಂದದ್ದು. ಸಾವಿರಾರು ಜನ ಯಾವುದಕ್ಕಾಗಿ ಸತ್ತರೋ ಅದರ ಬೆಲೆ ನಲವತ್ತು ಐವತ್ತು ವರ್ಷದಲ್ಲಿ ಇಳಿದುಹೋಯಿತು. ಸಂಬಳವಿಲ್ಲದೆ ಅಕ್ಷರ ಕಲಿಸಿದವನ ಬೆಲೆ ಇಳಿಯಲಿಲ್ಲ.

ಕೊನೆಗೆ ನಮ್ಮ ಮಹಡಿ ಕೋಣೆಯ ಮಾತು. ಸಂಘ ಶುರುವಾದಾಗ ಷೇರು ಪುಸ್ತಕದ ತುಂಬ ಹೆಬ್ಬೆಟ್ಟುಗಳೇ. ಆಗ ನಮ್ಮೂರಿನ ನಾಲ್ಕು ಹುಡುಗರು ಆ ಕೋಣೆಯಲ್ಲಿ ರಾತ್ರಿ ಅಕ್ಷರ ಕಲಿಸಿದರು. ಕರೆಂಟು ಹೋದರೆ ಸೀಮೆಎಣ್ಣೆಯ ದೀಪ. ಕಲಿತವರಲ್ಲಿ ಅಜ್ಜಿಯರೂ ಇದ್ದರು. ಹೆಬ್ಬೆಟ್ಟು ಹೋಗಿ ಸಹಿ ಬಂತು. ಆ ಹುಡುಗರು ಕೆಲಸ ಹುಡುಕಿ ಹೊರಟ ಮೇಲೆ ಶಾಲೆ ನಿಂತಿತು. ಕೋಣೆಗೆ ಬೀಗ ಬಿತ್ತು. ಈಗ ಅಲ್ಲಿ ಹಳೆಯ ಲೆಡ್ಜರುಗಳು, ಹರಿದ ಚೀಲಗಳು.

ಆದರೆ ಕೆಲಸ ಮುಗಿಯಿತೇ? ಸಹಿ ಬಂದಿದೆ, ಸಹಿ ಹಾಕುವ ಸಾಲ ಪತ್ರದಲ್ಲಿ ಏನು ಬರೆದಿದೆ ಎಂದು ಓದಲು ಇನ್ನೂ ಎಷ್ಟೋ ಸದಸ್ಯರಿಗೆ ಬರುವುದಿಲ್ಲ. ಪಹಣಿಯಲ್ಲಿ ತಪ್ಪಿದ್ದರೆ ತಿಳಿಯುವುದಿಲ್ಲ. ಮೊಬೈಲಿಗೆ ಬಂದ ನಂಬರನ್ನು ಕೇಳಿದವರಿಗೆಲ್ಲ ಹೇಳಿ ದುಡ್ಡು ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ. ಓದಿದ ಹುಡುಗ ಹುಡುಗಿಯರು ಊರಲ್ಲಿ ಇಲ್ಲವೆಂದಲ್ಲ, ಇದ್ದಾರೆ. ಸಂಜೆ ಅರಳಿಕಟ್ಟೆಯ ಮೇಲೆ ಅವರನ್ನು ನಾವೇ ನೋಡುತ್ತೇವೆ.

ಅವರನ್ನು ನಾವು ಕೇಳುವುದು ಹೆಚ್ಚೇನೂ ಅಲ್ಲ. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ. ಸಂಬಳವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಕೋಣೆಯ ಬೀಗದ ಕೈ ಕಾರ್ಯದರ್ಶಿಗಳ ಬಳಿ ಇದೆ. ಧೂಳು ಹೊಡೆಯುವ ಕೆಲಸಕ್ಕೆ ಸಂಚಿಕೆ ಸಮಿತಿಯವರಾದ ನಾವೇ ಬರುತ್ತೇವೆ. ಹಡಗು ನಡೆಸುವವರಿಗೆ, ಕೋರ್ಟಿಗೆ ಹೋಗುವವರಿಗೆ, ಎಳೆ ಮಕ್ಕಳ ತಂದೆಯಾದವರಿಗೆ ಒಂದು ಕಾಲದಲ್ಲಿ ಸಂಜೆಯ ಬಿಡುವು ಸಿಕ್ಕಿತ್ತು. ನಮಗೂ ಸಿಕ್ಕೀತು.